ನೆಂಟರಿಗೆ ಜಾಗ ಬಿಡುವ ಅಣುಗಳ ಊರಿನಲ್ಲಿ

ನಾನು ಹೋಗಿ ಬಂದ ಊರಿನ ಹೆಸರನ್ನು ಸರಿಯಾಗಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಗಂಟಲಿನ ಹಿಂಭಾಗದಲ್ಲಿ ಹುಟ್ಟಿ ಅಲ್ಲೇ ಮುಗಿದುಹೋಗುವ ಒಂದು ಅಕ್ಷರ ಅದರಲ್ಲಿದೆ. ಜರ್ಮನಿಯ ಒಂದು ಸಣ್ಣ ಊರು, ನಡುವೆ ಒಂದು ನದಿ, ನದಿಯ ಪಕ್ಕದಲ್ಲಿ ವಿಶ್ವವಿದ್ಯಾಲಯ ಎಂದರೆ ಸಾಕು. ಚಾಮರಾಜಪೇಟೆಯಲ್ಲಿ ನನ್ನದು ಗಿಲೀಟು ಅಂಗಡಿ. ತಾಮ್ರ, ಹಿತ್ತಾಳೆಯ ಸಾಮಾನಿಗೆ ಬೆಳ್ಳಿಯ ನೀರು, ಚಿನ್ನದ ನೀರು ಹಾಕಿಕೊಡುವ ಕೆಲಸ. ಅಪ್ಪ ಮಾಡುತ್ತಿದ್ದುದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ನಾನೂ ಅಲ್ಲೇ ಕೂತೆ. ಗಿರಾಕಿಗಳು "ಫಾರಿನ್ನಿಗೆ ಹೋಗಿದ್ರಂತೆ, ಏನೇನು ನೋಡಿದ್ರಿ?" ಎಂದು ಕೇಳಿದಾಗಲೆಲ್ಲ "ನದಿ ನೋಡ್ದೆ, ಒಂದು ಮಿಷನ್ ನೋಡ್ದೆ" ಎಂದು ಮುಗಿಸಿಬಿಡುತ್ತಿದ್ದೆ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹೋದದ್ದು ತಂಗಿ ವತ್ಸಲಾಳನ್ನು ನೋಡಲು. ಅವಳು ಅಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. "ಒಂದು ಸಲ ಬಂದು ನನ್ನ ಕೆಲಸ ನೋಡಿ ಹೋಗು ಅಣ್ಣ, ನಿಂಗೆ ಅಂಗಡಿ ನೆನಪಾಗತ್ತೆ" ಎಂದು ಬರೆದು ಟಿಕೆಟ್ಟನ್ನೂ ಕಳಿಸಿದ್ದಳು. ಅವಳಿಗೆ ಗೊತ್ತಿಲ್ಲದ ಒಂದು ವಿಷಯ ನನ್ನಲ್ಲಿತ್ತು. ಹದಿಮೂರು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದಿದ್ದ ಅವಳನ್ನು ಎಂಟನೇ ದಿನಕ್ಕೆ ನಮ್ಮ ಮನೆಯಿಂದ ಕಳಿಸಿದವನು ನಾನು. ಕಳಿಸಿದವಳು ಅತ್ತಿಗೆ ಎಂದು ಅವಳು ತಿಳಿದುಕೊಂಡಳು. ನಾನು ತಿದ್ದಲಿಲ್ಲ. ಈಗ ಅವಳು ಒಂದು ವರ್ಷದ ಮಟ್ಟಿಗೆ ಬೆಂಗಳೂರಿನಲ್ಲಿ ಕೆಲಸ ಮಾಡಲು ಬರುವವಳಿದ್ದಳು. ಬಂದರೆ ನಮ್ಮ ಮನೆಯಲ್ಲೇ ಇರಬೇಕು ಎಂಬುದು ನನ್ನ ಆಸೆ. ನಿಜ ಹೇಳದೆ ಕರೆಯುವ ಮುಖ ನನಗಿರಲಿಲ್ಲ. ನಿಜ ಹೇಳಿದರೆ ಅವಳು ನನ್ನ ಮುಖವನ್ನೇ ಇನ್ನು ನೋಡದೆ ಹೋಗಬಹುದಿತ್ತು. ಹನ್ನೆರಡು ದಿನ ಇದೆಯಲ್ಲ, ಎಲ್ಲಾದರೂ ಹೇಳೋಣ ಎಂದುಕೊಂಡು ವಿಮಾನ ಹತ್ತಿದೆ.

ಇಳಿದ ಮೇಲೆ

ನನ್ನ ಹೆಂಡತಿ ಗಿರಿಜಾ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಜುಟ್ಟಿನ ತೆಂಗಿನಕಾಯಿ ಎರಡು ಇಟ್ಟಿದ್ದಳು. ವತ್ಸಲಾ ಕರೆದದ್ದು ನನ್ನೊಬ್ಬನನ್ನು. ಅದು ಗಿರಿಜಾಗೆ ಗೊತ್ತಿತ್ತು. "ಅಲ್ಲಿ ಒಳ್ಳೇ ಕಾಯಿ ಸಿಗತ್ತೋ ಇಲ್ವೋ" ಎಂದಳು, ಅಷ್ಟೇ.

ಅಲ್ಲಿನ ತಪಾಸಣೆಯ ಅಧಿಕಾರಿ ಒಂದು ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರು ಕುಲುಕಿತು. ಅವನ ಮುಖ ಬದಲಾಯಿತು. ಪಕ್ಕದ ಮೇಜಿನಿಂದ ಒಬ್ಬ ಹೆಂಗಸನ್ನು ಕರೆದ. ಆಕೆಯೂ ಅಲ್ಲಾಡಿಸಿದಳು. ಮೂರನೆಯವನು ಬಂದು ಜುಟ್ಟು ಎಳೆದು, ಮೂಸಿ, ಕೊನೆಗೆ ಅವನೂ ಕಿವಿಗೆ ಹಿಡಿದ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಕಾಯಿ ಆರಿಸುವವರು ಮಾಡುವುದೂ ಇದನ್ನೇ. ನಾವು ನೀರಿದೆಯೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತೇವೆ, ಅವರು ನೀರು ಯಾಕಿದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ನಾನು ಕೈ ಮುಗಿದು ದೇವರಿಗೆ ಒಡೆಯುವ ಹಾಗೆ ನಟಿಸಿ ತೋರಿಸಿದೆ. ಅದಾದ ಮೇಲೆ ಇನ್ನೂ ಹತ್ತು ನಿಮಿಷ ನಿಲ್ಲಿಸಿಕೊಂಡರು.

ವತ್ಸು ಹೊರಗೆ ಕಾಯುತ್ತಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು, ಪ್ಯಾಂಟು, ದಪ್ಪ ಕೋಟು. ಬೆಳಿಗ್ಗೆ ಏಳು ಗಂಟೆಯಲ್ಲಿ "ಬಾ ಅಣ್ಣ, ಊಟ ಆಯ್ತಾ?" ಎಂದಳು. ಬೇರೆ ಏನು ಕೇಳಬೇಕೋ ಇಬ್ಬರಿಗೂ ತಿಳಿಯಲಿಲ್ಲ.

ಅಲ್ಲಿಂದ ಎರಡು ಗಂಟೆ ರೈಲು. ಎದುರು ಬದುರು ಕೂತ ಎಂಟು ಜನರಲ್ಲಿ ಒಬ್ಬರೂ ಇನ್ನೊಬ್ಬರನ್ನು ಎಲ್ಲಿಗೆ ಎಂದು ಕೇಳಲಿಲ್ಲ. ನಮ್ಮ ಮೈಸೂರು ರೈಲಿನಲ್ಲಾದರೆ ಮದ್ದೂರು ಬರುವಷ್ಟರಲ್ಲಿ ಮಕ್ಕಳ ಜಾತಕದವರೆಗೂ ಮಾತು ಬಂದಿರುತ್ತದೆ. ವತ್ಸು ಕಿಟಕಿಯಾಚೆ ನೋಡುತ್ತಿದ್ದಳು. ಇದೇ ಸಮಯ, ಹೇಳಿಬಿಡೋಣ ಎಂದು ಬಾಯಿ ತೆರೆದೆ. ಜೋರಾಗಿ ಸೀನು ಬಂತು. ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಮೂವರು ಒಟ್ಟಿಗೆ ತಲೆಯೆತ್ತಿ ನನಗೆ ಏನೋ ಹೇಳಿದರು.

"ಬೈದ್ರಾ?"

"ಇಲ್ಲ ಅಣ್ಣ, ಆರೋಗ್ಯವಾಗಿರು ಅಂತ. ಇಲ್ಲಿ ಯಾರು ಸೀನಿದ್ರೂ ಹೇಳ್ತಾರೆ."

ನಮ್ಮಲ್ಲಿ ಸೀನಿದರೆ ಹೊರಟವರು ಒಂದು ಗಳಿಗೆ ಕೂತುಕೊಳ್ಳುತ್ತಾರೆ. ನಾನೂ ಹೇಳಬೇಕೆಂದಿದ್ದನ್ನು ಬಿಟ್ಟು ಕೂತುಕೊಂಡೆ. ಅಪಶಕುನ ಎಂದು ನನಗೆ ನಾನೇ ಹೇಳಿಕೊಂಡೆ. ಸೀನು ಬರದಿದ್ದರೆ ಇನ್ನೇನಾದರೂ ನೆಪ ಸಿಗುತ್ತಿತ್ತು.

ಮೂರನೇ ಮಹಡಿ

ವತ್ಸುವಿನ ಮನೆ ಮೂರನೇ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕಿ, ಹೆಸರು ಹಿಲ್ಡಾ. ನಾನು ಮನಸ್ಸಿನಲ್ಲೇ ಹಿಲ್ಡಮ್ಮ ಎಂದು ಕರೆದುಕೊಂಡೆ. ಅವರು ನನ್ನನ್ನು "ಹೆರ್ ಅಣ್ಣ" ಎನ್ನುತ್ತಿದ್ದರು, ಹೆರ್ ಎಂದರೆ ನಮ್ಮ ಶ್ರೀಯುತರು ಎಂದ ಹಾಗೆ. ತಂಗಿ ಕರೆಯುವುದನ್ನು ಕೇಳಿ ಅದೇ ನನ್ನ ಹೆಸರು ಎಂದುಕೊಂಡಿದ್ದರು. ಆ ದೇಶದಲ್ಲಿ ಅದು ಹೆಂಗಸರ ಹೆಸರಂತೆ. ಆದರೂ ಮರ್ಯಾದೆಗೆ ಅವರು ಏನೂ ಅನ್ನಲಿಲ್ಲ.

ಎರಡನೇ ದಿನ ವತ್ಸು ಕೆಲಸಕ್ಕೆ ಹೋದಾಗ ನಾನು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಕೆಳಗಿನ ತೊಟ್ಟಿಯಲ್ಲಿ ಹಾಕಿ ಬಂದೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಹಿಲ್ಡಮ್ಮ ನಿಂತಿದ್ದರು. ಕೈಯಲ್ಲಿ ಒಂದು ಪೇಪರಿನ ಹಾಳೆ, ಅದರ ಮೇಲೆ ನನ್ನ ಸಿಪ್ಪೆ. ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ ನಾಲ್ಕು ತೊಟ್ಟಿಗಳನ್ನು ಒಂದೊಂದಾಗಿ ತೋರಿಸಿದರು. ನೀಲಿಯದು ಕಾಗದಕ್ಕೆ, ಕಂದು ಬಣ್ಣದ್ದು ಸಿಪ್ಪೆಗೆ, ಹಳದಿ, ಕಪ್ಪು ಇನ್ನೇನಕ್ಕೋ. ಸಿಪ್ಪೆಯನ್ನು ನನ್ನ ಕೈಯಿಂದಲೇ ಹಾಕಿಸಿದರು. ನಮ್ಮ ರಸ್ತೆಯ ಕೊನೆಯಲ್ಲಿ ಕಸ ಹಾಕುವ ಜಾಗ ನೆನಪಾಯಿತು. ಅಲ್ಲಿ ಹಸು ಆರಿಸಿಕೊಂಡು ಉಳಿದದ್ದು ಉಳಿಯುತ್ತದೆ.

ಆ ಸಂಜೆ ಊಟ ಮಾಡುವಾಗ ವತ್ಸು ಹೇಳಿದಳು. "ಜುಲೈಗೆ ಬೆಂಗಳೂರಿಗೆ ಬರ್ತಿದೀನಿ ಅಣ್ಣ. ಮಲ್ಲೇಶ್ವರದಲ್ಲಿ ಒಂದು ಬಾಡಿಗೆ ಮನೆ ಇದೆ. ಈ ತಿಂಗಳ ಕೊನೆಯೊಳಗೆ ಬೇಕೋ ಬೇಡ್ವೋ ಹೇಳ್ಬೇಕು."

"ಮನೆ ಇದೆಯಲ್ಲ" ಎಂದೆ.

"ಯಾವ ಮನೆ?"

ಕುಟುಕಲು ಕೇಳಿದ್ದಲ್ಲ. ನಿಜವಾಗಿಯೂ ಅವಳಿಗೆ ಹೊಳೆಯಲಿಲ್ಲ. ಈ ವರ್ಷಗಳಲ್ಲಿ ಮೂರು ಸಲ ಊರಿಗೆ ಬಂದಿದ್ದಳು. ಮೂರು ಸಲವೂ ಸ್ನೇಹಿತೆಯ ಮನೆಯಲ್ಲಿ ಇಳಿದುಕೊಂಡು, ನಮ್ಮಲ್ಲಿಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತು, ಕಾಫಿ ಕುಡಿದು ಹೋಗಿದ್ದಳು. ಗಿರಿಜಾ ಊಟಕ್ಕೆ ಏಳಿ ಎಂದೂ ಅನ್ನುತ್ತಿರಲಿಲ್ಲ.

ಏನು ನಡೆದಿತ್ತು ಎಂದು ಇಲ್ಲಿ ಹೇಳುತ್ತೇನೆ. ವತ್ಸು ಒಂದು ಟ್ರಂಕು ಹಿಡಿದು ಬಂದಾಗ ನಮ್ಮದು ಎರಡು ಕೋಣೆಯ ಮನೆ. ಮೊದಲ ಮೂರು ದಿನ ಯಾರೂ ಏನೂ ಕೇಳಲಿಲ್ಲ. ನಾಲ್ಕನೇ ದಿನದಿಂದ ಪಕ್ಕದ ಮನೆಯವರು, ಅಂಗಡಿಗೆ ಬರುವವರು, "ತಂಗಿ ಬಂದು ಬಹಳ ದಿನ ಆಯ್ತಲ್ಲ?" ಎನ್ನತೊಡಗಿದರು. ನನಗೆ ಉತ್ತರ ಹೇಳಿ ಸಾಕಾಗಿತ್ತು. ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರಿಗೂ ಹೇಳಿಲ್ಲ. ಅಪ್ಪ ಅವಳನ್ನು ಎಂ.ಎಸ್ಸಿ.ವರೆಗೆ ಓದಿಸಿದ್ದರು, ನನ್ನನ್ನು ಅಂಗಡಿಯಲ್ಲಿ ಕೂರಿಸಿದ್ದರು. ಅಷ್ಟು ಓದಿದವಳು ಮತ್ತೆ ಬಂದು ನನ್ನ ಅನ್ನ ತಿನ್ನುತ್ತಿದ್ದಾಳೆ ಎಂದು ಒಳಗೊಳಗೇ ಒಂದು ಸಣ್ಣ ಖುಷಿ, ಅದರ ಹಿಂದೆಯೇ ಕೋಪ.

ಎಂಟನೇ ದಿನ ಬೆಳಿಗ್ಗೆ ಅಡುಗೆಮನೆಗೆ ಹೋಗಿ ಗಿರಿಜಾಗೆ ಹೇಳಿದೆ. "ವತ್ಸು ಇವತ್ತು ಹೊರಡ್ತಾಳಂತೆ. ಕುಂಕುಮ ಕೊಟ್ಟು ಕಳಿಸು."

ಹೊರಡುವ ಮಾತನ್ನು ವತ್ಸು ಆಡಿರಲೇ ಇಲ್ಲ. "ನಂಗೊಂದು ಮಾತೂ ಹೇಳ್ಲಿಲ್ವಲ್ಲ" ಎಂದು ಗಿರಿಜಾ ಮುಖ ಚಿಕ್ಕದು ಮಾಡಿಕೊಂಡಳು. ಆದರೂ ಹೊರಟ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು, ಒಂದು ರವಿಕೆ ಕಣ ಇಟ್ಟು ತಂದಳು. ನಡುಮನೆಯಲ್ಲಿ ಪುಸ್ತಕ ಓದುತ್ತಿದ್ದ ವತ್ಸು ತಟ್ಟೆಯನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ. ಅವಳು ಎದ್ದು ಸೆರಗೊಡ್ಡಿ ತೆಗೆದುಕೊಂಡಳು. ಒಂದು ಗಂಟೆಯಲ್ಲಿ ಟ್ರಂಕು ಕಟ್ಟಿ ಬಸವನಗುಡಿಯ ಒಂದು ಹೆಂಗಸರ ಹಾಸ್ಟೆಲ್ಲಿಗೆ ಹೋದಳು. ಅಲ್ಲಿದ್ದುಕೊಂಡೇ ಪಾಠ ಹೇಳಿ, ಮುಂದೆ ಓದಿ, ದೇಶ ಬಿಟ್ಟಳು.

ಅತ್ತಿಗೆ ಹೊರಹಾಕಿದಳು ಎಂದು ವತ್ಸು, ಹೇಳದೆ ಹೊರಟಳು ಎಂದು ಗಿರಿಜಾ ತಿಳಿದುಕೊಂಡರು. ನಡುವೆ ನಾನು ಎರಡು ಕಡೆಗೂ ಒಳ್ಳೆಯವನಾಗಿ ಉಳಿದೆ.

ನೆಲಮಾಳಿಗೆ

ವತ್ಸು ಕೆಲಸ ಮಾಡುವುದು ಒಂದು ನೆಲಮಾಳಿಗೆಯಲ್ಲಿ. ಮೇಲಿನ ಮಹಡಿಗಳಲ್ಲಾದರೆ ಜನ ಓಡಾಡುವ ಅದುರಿಗೆ ಅವರ ಮಿಷನ್ನು ಕೆಡುತ್ತದಂತೆ. ಬಾಗಿಲು ತೆರೆದ ಕೂಡಲೇ ಹಳೆಯ ತುಪ್ಪದ ವಾಸನೆ.

"ಇದೇನೇ, ಇಲ್ಲಿ ಬೆಣ್ಣೆ ಕಾಯಿಸ್ತೀರಾ?"

"ಕೊಬ್ಬಿನ ಆಸಿಡ್ಡು ಅಣ್ಣ. ಅಣುಗಳನ್ನ ಅದರಲ್ಲೇ ಕರಗಿಸೋದು. ನಂಗೆ ಈಗ ವಾಸನೇನೇ ಗೊತ್ತಾಗಲ್ಲ. ಬಸ್ಸಲ್ಲಿ ಪಕ್ಕ ಕೂತೋರು ಮಾತ್ರ ಎದ್ದು ಹೋಗ್ತಾರೆ."

ಅವಳ ಜೊತೆಗಾರ ಮಾರ್ಟಿನ್ ಎಂಬುವನು ಉದ್ದನೆಯ ಮನುಷ್ಯ. ಬೆಂಚಿನ ಮೇಲೆ ಉಗುರಿನಷ್ಟು ಅಗಲದ ಕಪ್ಪು ಬಿಲ್ಲೆ ಇತ್ತು. ಪೆನ್ಸಿಲ್ಲಿನ ಒಳಗಿರುವ ಜಾತಿಯದೇ. ಅವನು ಅದರ ಮೇಲೆ ಅಂಟುವ ಟೇಪು ಒತ್ತಿ ಸರಕ್ಕನೆ ಎಳೆದ. ಮೇಲಿನ ಪದರ ಟೇಪಿಗೆ ಬಂದು ಕೆಳಗೆ ಹೊಳೆಯುವ ಹೊಸ ಮೈ ಕಾಣಿಸಿತು. ನಾನು ನಕ್ಕುಬಿಟ್ಟೆ. ಬೆಳ್ಳಿಯ ನೀರಿಗೆ ಹಾಕುವ ಮೊದಲು ಚೊಂಬನ್ನು ನಾವು ಹುಣಸೆಹಣ್ಣು, ಬೂದಿ, ಆಸಿಡ್ಡು ಎಂದು ಮೂರು ಸಲ ತೊಳೆಯುತ್ತೇವೆ. ಒಂದು ಬೆರಳಿನ ಜಿಡ್ಡು ಉಳಿದರೂ ಅಲ್ಲಿ ಬೆಳ್ಳಿ ಹತ್ತುವುದಿಲ್ಲ. ಇವರ ಕೆಲಸ ಒಂದು ಟೇಪಿನಲ್ಲಿ ಮುಗಿಯಿತು.

ಮಿಷನ್ನು ನಮ್ಮ ಕಾಫಿ ಫಿಲ್ಟರಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಒಂದು ತಂತಿಯ ತುದಿ ಬಿಲ್ಲೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಅದರ ಮೇಲೆ ಸಾಲು ಸಾಲಾಗಿ ಓಡಾಡುತ್ತದೆ. ಎಲ್ಲಿ ಏನಿದೆ ಎಂದು ಕರೆಂಟಿನಿಂದ ತಿಳಿದು ಪರದೆಯ ಮೇಲೆ ಚಿತ್ರ ಬರುತ್ತದೆ. ತುದಿಯಲ್ಲಿ ಒಂದೇ ಒಂದು ಪರಮಾಣು ಚಾಚಿಕೊಂಡಿರಬೇಕಂತೆ. ಅಂಥದ್ದನ್ನು ಮಾಡಲು ಯಾವ ಯಂತ್ರ ತರುತ್ತಾರೋ ಎಂದು ನೋಡಿದರೆ ಮಾರ್ಟಿನ್ ಡ್ರಾಯರಿನಿಂದ ಕತ್ತರಿ ತೆಗೆದ. ತಂತಿಯನ್ನು ಎಳೆಯುತ್ತಾ ಓರೆಯಾಗಿ ಕತ್ತರಿಸಬೇಕು. ಮೂರು ಸಲ ಕತ್ತರಿಸಿದ, ಮೂರೂ ಸರಿಬರಲಿಲ್ಲ. ನಾಲ್ಕನೆಯದಕ್ಕೆ "ಹೆರ್ ಅಣ್ಣ" ಎಂದು ನನ್ನ ಕೈಗೆ ಕೊಟ್ಟ. ಅದೂ ಸರಿಬರಲಿಲ್ಲ. ಐದನೆಯದನ್ನು ವತ್ಸು ಕತ್ತರಿಸಿದಳು, ಸರಿಬಂತು. ಬಿಲ್ಲೆಯ ಮೇಲೆ ಅಣುಗಳು ಕರಗಿದ್ದ ಆಸಿಡ್ಡಿನ ಒಂದು ಹನಿ ಬಿಟ್ಟಳು.

ಪರದೆಯ ಮೇಲೆ ಚಾಪೆಯ ಹೆಣಿಗೆಯಂತೆ ಒತ್ತೊತ್ತಾದ ಸಾಲುಗಳು ಮೂಡಿದವು.

"ಇವೆಲ್ಲ ಮನೆಯೋರು" ಎಂದಳು ವತ್ಸು. "ಒಂದೇ ಜಾತಿ ಅಣುಗಳು. ತಾವು ತಾವೇ ಇದ್ದಾಗ ಹೀಗೆ ಒಂದಕ್ಕೊಂದು ಒತ್ಕೊಂಡು ಮಲಗ್ತವೆ. ಒಂದು ಸಾಸಿವೆಗೂ ಜಾಗ ಇಲ್ಲ. ಈಗ ನೆಂಟನ್ನ ಬಿಡ್ತೀನಿ ನೋಡು."

ಸೂಜಿಯಂಥ ನಳಿಗೆಯಿಂದ ಇನ್ನೊಂದು ಹನಿ ಬಿಟ್ಟಳು. ಕಾಯಬೇಕು ಎಂದಳು. ಚಿತ್ರಕ್ಕೆ ಕಾಯುತ್ತಾ ಕೂತೆವು. ಬಂದ ಚಿತ್ರದ ತುಂಬ ಅಡ್ಡಡ್ಡ ಗೀರು. ಮತ್ತೆ ತೆಗೆದರು, ಮತ್ತೆ ಗೀರು. ಮಾರ್ಟಿನ್ ಎದ್ದು ಹೋಗಿ ಲಿಫ್ಟು ನೋಡಿ ಬಂದ. ಗಾಳಿಯ ಯಂತ್ರ ಆರಿಸಿದ. ಬಿಲ್ಲೆಯನ್ನು ತೆಗೆದು ಮತ್ತೆ ಇಟ್ಟ. ಅರ್ಧ ಗಂಟೆಯ ಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದವನು ಹಾಗೇ ನಿಂತ. ನಾನು ಕಾಲು ಅಲ್ಲಾಡಿಸುತ್ತಿದ್ದೆ. ಮಂಡಿ ಮೇಜಿನ ಕಾಲಿಗೆ ತಾಗುತ್ತಿತ್ತು.

"ಕೂತಲ್ಲಿ ಕಾಲು ಅಲ್ಲಾಡಿಸ್ಬೇಡ ಅಂತ ಅಮ್ಮ ಬಡ್ಕೊಂಡ್ಲು" ಎಂದಳು ವತ್ಸು. ನಗು ಬಂದಿತ್ತು ಅವಳಿಗೆ. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮುಂದಿನ ಚಿತ್ರ ಸ್ವಚ್ಛವಾಗಿ ಬಂತು. ಸಾಲುಗಳೇ ಇರಲಿಲ್ಲ. ಅದೇ ಅಣುಗಳು ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳಾಗಿ ಕೂತಿದ್ದವು. ಒಂದೊಂದು ಮನೆಯ ನಡುವೆ ಒಂದೊಂದು ಬೆಳ್ಳನೆಯ ಚುಕ್ಕೆ, ನೆಂಟ.

"ಮುಂಚೆ ಜಾಗವೇ ಇರ್ಲಿಲ್ವಲ್ಲೇ?"

"ಇರ್ಲಿಲ್ಲ. ನೆಂಟ ಬಂದ್ಮೇಲೆ ಎಲ್ಲಾ ಎದ್ದು ಬೇರೆ ಥರ ಕೂತ್ವು. ಅವು ಒಂದನ್ನೊಂದು ಹಿಡ್ಕೊಂಡಿರೋದು ಬೆಸುಗೆ ಅಲ್ಲ, ಸುಮ್ನೆ ಒರಗಿ ನಿಂತ ಹಾಗೆ. ಅದಕ್ಕೇ ಬಿಡಿಸ್ಕೊಂಡು ಕೂರಕ್ಕಾಗತ್ತೆ."

"ಜಾಗ ಬಿಡಿ ಅಂತ ಹೇಳೋರು ಯಾರು?"

"ಯಾರೂ ಇಲ್ಲ. ಹಾಗೆ ಕೂತ್ರೆ ಎಲ್ಲಕ್ಕೂ ಸಲೀಸು, ಅಷ್ಟೇ."

"ನೆಂಟನ್ನ ತೆಗೆದುಬಿಟ್ರೆ?"

"ಕೆಲವು ಸಲ ಮನೆ ಖಾಲಿ ಹಾಗೇ ಇರತ್ತೆ. ಕೆಲವು ಸಲ ಮತ್ತೆ ಒತ್ಕೊಂಡು ಮಲಗ್ತವೆ. ಯಾವಾಗ ಯಾವುದು ಅಂತ ನೋಡೋದೇ ನನ್ನ ಕೆಲಸ."

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಮುಖ ಹೇಗಾಗಿತ್ತೋ, ವತ್ಸು ಭುಜ ತಟ್ಟಿದಳು. "ಅಣ್ಣ, ಅವಕ್ಕೆ ಮನಸ್ಸು ಗಿನಸ್ಸು ಏನೂ ಇಲ್ಲ. ಹರಿಕಥೆ ಮಾಡ್ಬೇಡ."

ನಮ್ಮ ಕೆಲಸದಲ್ಲಿ ಹತ್ತಿದ ಬೆಳ್ಳಿ ಉಜ್ಜಿದರೂ ಬಿಡಬಾರದು. ಬಿಡದಂತೆ ಹಿಡಿಯುವುದೇ ಒಳ್ಳೆಯ ಕೆಲಸ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ನಾಲ್ಕು ಗಂಟೆಯ ಕಾಫಿ

ಭಾನುವಾರ ಹಿಲ್ಡಮ್ಮ ನಮ್ಮನ್ನು ಕಾಫಿಗೆ ಕರೆದರು. ಕರೆಯನ್ನು ಐದು ದಿನ ಮೊದಲೇ ಒಂದು ಚೀಟಿಯಲ್ಲಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದ್ದರು. ಒಂದೇ ಮೆಟ್ಟಿಲ ಸಾಲಿನಲ್ಲಿ ವಾಸ, ಆದರೂ ಚೀಟಿ. ನಾಲ್ಕು ಗಂಟೆಗೆ ಎಂದಿದ್ದರು. ವತ್ಸು ಸ್ನಾನ ಮಾಡುತ್ತಿದ್ದಳು, ನಾನು ಮೂರೂವರೆಗೇ ಇಳಿದು ಹೋಗಿ ಬಾಗಿಲು ತಟ್ಟಿದೆ. ಬೇಗ ಹೋದರೆ ಕೈಯಾಸರೆಯಾಗುತ್ತದೆ ಎನ್ನುವುದು ನಮ್ಮ ಕಡೆಯ ಲೆಕ್ಕ. ಹಿಲ್ಡಮ್ಮ ಬಾಗಿಲು ತೆರೆದು, ಕೈಗಡಿಯಾರ ತೋರಿಸಿ, ಮುಗುಳ್ನಕ್ಕು, ಮತ್ತೆ ಬಾಗಿಲು ಹಾಕಿಕೊಂಡರು. ನಾಲ್ಕರವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ನಾಲ್ಕಕ್ಕೆ ತೆರೆದಾಗ ನನ್ನನ್ನು ಈಗಷ್ಟೇ ನೋಡಿದವರಂತೆ ಎರಡೂ ಕೈ ಹಿಡಿದು ಕುಲುಕಿದರು.

ಸೇಬಿನ ಕೇಕು, ಬಿಳಿ ಬಟ್ಟೆ ಹಾಸಿದ ಮೇಜು. ಎರಡು ಗಂಟೆ ಕಳೆದರೂ ಯಾರೂ ಏಳಲಿಲ್ಲ. ನನಗೆ ಕುತೂಹಲ. "ಇಲ್ಲಿ ನೆಂಟರು ಏಳದಿದ್ರೆ ಏನು ಮಾಡ್ತಾರೆ ಅಂತ ಕೇಳೇ" ಎಂದೆ ವತ್ಸುಗೆ. ಅವಳು ಕೇಳಿದಳು. ಹಿಲ್ಡಮ್ಮ ಯಾವ ಸಂಕೋಚವೂ ಇಲ್ಲದೆ ಉತ್ತರ ಹೇಳಿದರು.

"ನಂಗೆ ಸುಸ್ತಾಗಿದೆ, ಈಗ ಹೊರಡಿ ಅಂತ ಬಾಯಿಬಿಟ್ಟು ಹೇಳ್ತಾರಂತೆ" ಎಂದಳು ವತ್ಸು. ಆಮೇಲೆ ಹಿಲ್ಡಮ್ಮ ಏನೋ ಕೇಳಿದರು. ನಿಮ್ಮಲ್ಲಿ ಹೇಗೆ ಎಂದಿರಬೇಕು.

ವತ್ಸು ಹೇಳತೊಡಗಿದಳು. ಜರ್ಮನ್ ನನಗೆ ಒಂದಕ್ಷರ ಬಾರದು. ಆದರೆ ಅವಳ ಎರಡು ಕೈ ಒಂದು ದುಂಡಗಿನ ವಸ್ತುವನ್ನು ಹಿಡಿದು ಎದುರಿಗೆ ಚಾಚಿದವು. ಬೆರಳು ಹಣೆಗೆ ಹೋಯಿತು. ಇಲ್ಲದ ಸೆರಗನ್ನು ಒಡ್ಡಿದಳು. ನಗುತ್ತಲೇ ಹೇಳುತ್ತಿದ್ದಳು, ಯಾರದೋ ಮನೆಯಲ್ಲಿ ನಡೆದ ತಮಾಷೆಯ ಕಥೆಯಂತೆ. ಹಿಲ್ಡಮ್ಮ ನಗಲಿಲ್ಲ. ಒಂದು ಪ್ರಶ್ನೆ ಕೇಳಿದರು. ವತ್ಸು ಉತ್ತರಿಸಿದಳು. ಅದರ ನಡುವೆ ಗಿರಿಜಾ ಎಂಬ ಹೆಸರು ಬಂತು. ಹಿಲ್ಡಮ್ಮ ನನ್ನ ಕಡೆ ತಿರುಗಿ, ಅಂಥ ಹೆಂಡತಿಯನ್ನು ಕಟ್ಟಿಕೊಂಡ ಬಡಪಾಯಿಯನ್ನು ನೋಡುವಂತೆ ನೋಡಿ, ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದರು.

ನಾನು ತಿಂದೆ. ಅದನ್ನೂ ಬರೆಯಬೇಕು. ಪೂರ್ತಿ ತಿಂದೆ.

ಮತ್ತೆ ನೆಲಮಾಳಿಗೆ

ಎಂಟನೇ ದಿನ ವತ್ಸು ಒಂದು ಉದ್ದನೆಯ ಅಳತೆ ಇಟ್ಟುಕೊಂಡಿದ್ದಳು. ಒಂದೇ ಜಾಗದ ಚಿತ್ರವನ್ನು ಒಂದೂವರೆ ಗಂಟೆ ಬಿಡದೆ ತೆಗೆಯಬೇಕು. ನೆಂಟರು ಯಾವ ಮನೆಯಿಂದ ಎದ್ದು ಯಾವ ಮನೆಗೆ ಹೋಗುತ್ತಾರೆ ಎಂದು ನೋಡುವುದಕ್ಕೆ. ಅಷ್ಟು ಹೊತ್ತೂ ಅವಳು ಪರದೆಯ ಮುಂದಿರಬೇಕು, ಏಳುವಂತಿಲ್ಲ. ಮಾರ್ಟಿನ್ ಊಟಕ್ಕೆ ಹೋಗಿದ್ದ. ನಾನು ಮೇಜಿನಿಂದ ದೂರ, ಎರಡೂ ಕಾಲು ಮೇಲೆತ್ತಿ ಸ್ಟೂಲಿನ ಮೇಲೆ ಚಕ್ಕಂಬಟ್ಟಲೆ ಹಾಕಿ ಕೂತಿದ್ದೆ. ಅವಳು ಎದ್ದು ಹೋಗಲಾರದ ಹೊತ್ತನ್ನು ನೋಡಿಯೇ ಬಾಯಿ ತೆರೆದೆ. ಅದು ಕೂಡ ಒಳ್ಳೆಯ ಬುದ್ಧಿಯೇನಲ್ಲ.

"ವತ್ಸು, ಆವತ್ತು ತಟ್ಟೆ ತಂದಿದ್ದು ಗಿರಿಜಾ. ತರಿಸಿದ್ದು ನಾನು. ನೀನೇ ಹೊರಡ್ತೀಯ ಅಂತ ಅವಳಿಗೆ ಸುಳ್ಳು ಹೇಳ್ದೆ."

ಅವಳು ತಿರುಗಲಿಲ್ಲ. ಒಂದು ಚಿತ್ರ ಮುಗಿಯಿತು. ಪುಸ್ತಕದಲ್ಲಿ ವೇಳೆ ಬರೆದಳು. ಇನ್ನೊಂದು ಚಿತ್ರ ಶುರುವಾಯಿತು.

"ಅತ್ತಿಗೆಗೆ ಗೊತ್ತಾ?"

"ಇಲ್ಲ."

"ಅವರು ಏನಂದ್ಕೊಂಡಿದಾರೆ?"

"ನೀನು ಹೇಳ್ದೆ ಕೇಳ್ದೆ ಹೊರಟೆ ಅಂತ. ಅವಳ ಮನೆ ನಿಂಗೆ ಸಾಲ್ದೆ ಹೋಯ್ತು ಅಂತ."

"ಆ ಏಳು ರಾತ್ರಿ ಅತ್ತಿಗೆ ಪಕ್ಕದಲ್ಲೇ ಮಲಗಿದ್ದೆ" ಎಂದಳು. ದನಿ ಏರಲಿಲ್ಲ. "ದಿನಾ ತಲೆ ಬಾಚೋರು. ನಾನು ಯಾಕೆ ಬಂದೆ ಅಂತ ಅವರೊಬ್ರಿಗೆ ಪೂರ್ತಿ ಹೇಳಿದ್ದೆ. ಅಷ್ಟೆಲ್ಲಾ ಕೇಳಿಸ್ಕೊಂಡು ಕಳಿಸಿದ್ರಲ್ಲ ಅಂತ..." ಇನ್ನೊಂದು ವೇಳೆ ಬರೆದಳು. "ನಂಗೇ ಹೋಗು ಅನ್ಬಹುದಿತ್ತಲ್ಲ ನೀನು."

"ಧೈರ್ಯ ಬರ್ಲಿಲ್ಲ."

"ಕಳಿಸೋ ಧೈರ್ಯ ಇಲ್ದಿದ್ರೆ ಇಟ್ಕೋಬೇಕಿತ್ತು."

ಪರದೆಯ ಮೇಲೆ ಬೆಳ್ಳನೆಯ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಮಾಯವಾಗಿ ಇನ್ನೊಂದು ಕಡೆ ಕಾಣಿಸುತ್ತಿದ್ದವು. ಉಳಿದ ನಲವತ್ತು ನಿಮಿಷವೂ ಅವಳು ವೇಳೆ ಬರೆಯುತ್ತಲೇ ಇದ್ದಳು. ಅಳತೆ ಕೆಡಲಿಲ್ಲ. ಯಾವ ಚಿತ್ರದಲ್ಲೂ ಒಂದು ಗೀರು ಬರಲಿಲ್ಲ.

ಮುಗಿದ ಮೇಲೆ ಕೋಟು ಹಾಕಿಕೊಂಡು "ಏಳು" ಎಂದಳು. ಮನೆಯವರೆಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ದಾರಿಯಲ್ಲಿ ಒಂದು ಗಾಡಿಯೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಂತಳು. ನಾನೂ ನಾಲ್ಕು ಹೆಜ್ಜೆ ಹಿಂದೆ ನಿಂತೆ.

ಎರಡೂವರೆ ಗಂಟೆ

ಅಲ್ಲಿ ಮಧ್ಯಾಹ್ನ ಎರಡೂವರೆ ಎಂದರೆ ನಮ್ಮಲ್ಲಿ ದೀಪ ಹಚ್ಚುವ ಹೊತ್ತು. ವತ್ಸು ಕೋಟು ಬಿಚ್ಚದೆ ಚಾಮರಾಜಪೇಟೆಯ ನಂಬರು ಒತ್ತಿ ರಿಸೀವರನ್ನು ನನ್ನ ಕೈಗೆ ಕೊಟ್ಟಳು.

"ನಂಗೆ ಹೇಳಿದ್ದು ಅರ್ಧ. ಇನ್ನರ್ಧ ಅಲ್ಲಿ ಹೇಳು."

"ಊರಿಗೆ ಹೋಗಿ ಹೇಳ್ತೀನಿ ಕಣೇ..."

"ಈಗ."

ಗಿರಿಜಾ ಎತ್ತಿದಳು. "ಏನ್ರೀ, ಇಷ್ಟೊತ್ತಲ್ಲಿ? ಹುಷಾರಾಗಿದೀರಾ?"

ಹೇಳಿದೆ. ನೆಲಮಾಳಿಗೆಯಲ್ಲಿ ಆಡಿದ ಮಾತನ್ನೇ ಮತ್ತೆ ಆಡಿದೆ. ಎರಡನೇ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಆ ಕಡೆ ಕುಕ್ಕರು ಕೂಗಿತು. ರಿಸೀವರು ಕೆಳಗಿಟ್ಟ ಸದ್ದು. ಒಲೆ ಆರಿಸಿ ಬಂದಳೆಂದು ಕಾಣುತ್ತದೆ.

"ಹದಿಮೂರು ವರ್ಷ ನಾನು ಅವಳನ್ನ ಜಂಬದೋಳು ಅಂತ ಅಂದ್ಕೊಂಡು ಬಂದಿದೀನಿ" ಎಂದಳು. "ನಿಮ್ಮೆದುರಿಗೇ ಅಂದಿದೀನಿ. ನೀವು ಹೂಂ ಅಂತಿದ್ರಿ."

"ಹೂಂ" ಎಂದೆ.

"ಅವಳಿಗೆ ಕೊಡಿ ಫೋನು."

ವತ್ಸು ತೆಗೆದುಕೊಂಡಳು. "ಅತ್ತಿಗೆ" ಎಂದಳು. ಆಮೇಲೆ ನೆಲದ ಮೇಲೆ ಗೋಡೆಗೆ ಒರಗಿ ಕೂತು, ನನ್ನನ್ನು ನೋಡಿ ಬಾಗಿಲ ಕಡೆಗೆ ಗದ್ದ ಎತ್ತಿದಳು. ನಾನು ಹೊರಗೆ ಬಂದು ಬಾಗಿಲೆಳೆದುಕೊಂಡೆ.

ಮೆಟ್ಟಿಲ ಮೇಲೆ ಕೂತಿದ್ದಾಗ ಹಿಲ್ಡಮ್ಮ ಹಳೆಯ ಪೇಪರಿನ ಕಟ್ಟು ಹಿಡಿದು ತಮ್ಮ ಮನೆಯಿಂದ ಹೊರಗೆ ಬಂದರು. ಮೇಲೆ ನೋಡಿದರು. ಕಟ್ಟನ್ನು ನನ್ನ ಕಡೆ ಚಾಚಿ ಕೆಳಗೆ ಬೆರಳು ತೋರಿಸಿದರು. ನಾನು ಇಳಿದು ಹೋಗಿ ನೀಲಿ ತೊಟ್ಟಿಯಲ್ಲಿ ಹಾಕಿ ಬಂದೆ. ಅವರು ಸರಿ ಎಂದು ತಲೆದೂಗಿದರು. ಮತ್ತೆ ಮೇಲೆ ಬಂದು ಕೂತೆ. ಒಳಗಿನಿಂದ ಮಾತು ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಒಂದು ಸಲ ವತ್ಸು ಅಳುತ್ತಿದ್ದಳು. ಇನ್ನೊಂದು ಸಲ, ಬಹಳ ಹೊತ್ತಿನ ಮೇಲೆ, ಜೋರಾಗಿ ನಕ್ಕಳು.

ಬಾಗಿಲು ತೆರೆದಾಗ ಅವಳ ಕಣ್ಣು ಕೆಂಪಾಗಿತ್ತು, ಕೋಟು ಇನ್ನೂ ಮೈಮೇಲಿತ್ತು.

"ಏನಂದ್ಲು?"

"ನಿನ್ನ ಮಾತೇ ಬರ್ಲಿಲ್ಲ."

ಅಕ್ಕಿ ತೊಳೆಯಲು ಒಳಗೆ ಹೋದಳು. ನಾನು ಅಲ್ಲೇ ನಿಂತಿದ್ದೆ. ಅಡುಗೆಮನೆಯಿಂದಲೇ ಹೇಳಿದಳು. "ಮಲ್ಲೇಶ್ವರದ ಮನೆ ಬೇಡ ಅಂದ್ರು ಅತ್ತಿಗೆ. ನಾಳೆ ಆ ಮನೆ ಓನರಿಗೆ ಫೋನ್ ಮಾಡಿ ಬಿಟ್ಬಿಡ್ತೀನಿ."

ಉಳಿದ ನಾಲ್ಕು ದಿನ ನದಿ, ಹಳೆಯ ಸೇತುವೆ, ಒಂದು ಗಡಿಯಾರದ ಗೋಪುರ ಎಲ್ಲ ತೋರಿಸಿದಳು. ತಿನ್ನಲು ಏನು ಬೇಕು, ಚಳಿಯಾಗುತ್ತಿದೆಯೇ ಎಂದು ಕೇಳಿದಳು. ಅಷ್ಟೇ ಮಾತು. ಕ್ಷಮಿಸಿದ್ದೀಯಾ ಎಂದು ನಾನು ಕೇಳಲಿಲ್ಲ. ಕೇಳಿದರೆ ಆ ಕೆಲಸವನ್ನೂ ಅವಳ ತಲೆಗೇ ಕಟ್ಟಿದಂತಾಗುತ್ತಿತ್ತು.

ಚಾಮರಾಜಪೇಟೆ

ಊರಿಗೆ ಬಂದ ದಿನ ಗಿರಿಜಾ ಬಾಗಿಲು ತೆರೆದು "ನೀರು ಕಾದಿದೆ, ಸ್ನಾನ ಮಾಡಿ" ಎಂದಳು. ಬೈಯುತ್ತಾಳೆಂದು ಒಂದು ವಾರ ಕಾದೆ. ಬೈಯಲಿಲ್ಲ. ಒಳಗಿನ ಕೋಣೆಯ ಬೀರುವಿನಲ್ಲಿದ್ದ ನನ್ನ ಬಟ್ಟೆಗಳನ್ನು ತೆಗೆದು ನಡುಮನೆಯ ಕಪಾಟಿಗೆ ಹಾಕಿದಳು, ಗೋಡೆಗೆ ಸುಣ್ಣ ಹೊಡೆಸಿದಳು. ವಾರಕ್ಕೊಮ್ಮೆ ಜರ್ಮನಿಯಿಂದ ಫೋನು ಬರುತ್ತಿತ್ತು. ನಾನು ಎತ್ತಿದರೆ ವತ್ಸು "ಚೆನ್ನಾಗಿದೀಯಾ ಅಣ್ಣ? ಅತ್ತಿಗೆಗೆ ಕೊಡು" ಎನ್ನುತ್ತಿದ್ದಳು.

ಜುಲೈನಲ್ಲಿ ಅವಳು ಬರುವ ದಿನ ನಾನು ಬೆಳಿಗ್ಗೆಯೇ ಷರಟು ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದೆ. ಗಿರಿಜಾ ಹೂ ಮುಡಿದುಕೊಂಡು ಚಪ್ಪಲಿ ಮೆಟ್ಟುತ್ತಾ "ನೀವು ಅಂಗಡಿ ತೆಗೀರಿ, ನಾನು ಹೋಗಿ ಕರ್ಕೊಂಡು ಬರ್ತೀನಿ" ಎಂದಳು. ಅಷ್ಟು ದೂರ ಅವಳು ಎಂದೂ ಒಂಟಿಯಾಗಿ ಹೋದವಳಲ್ಲ. ವಿಮಾನ ನಿಲ್ದಾಣಕ್ಕೆ ಹೇಗೆ ಹೋಗಬೇಕೆಂದು ಹೇಳಲು ಹೋದೆ. "ಗೊತ್ತು" ಎಂದಳು.

ಅಂಗಡಿ ತೆಗೆದೆ. ಯಾವುದೋ ದೇವಸ್ಥಾನದವರು ಒಂದು ದೀಪದ ಜೋಡಿ ಕೊಟ್ಟು ಹೋಗಿದ್ದರು. ತೊಳೆಯುತ್ತಾ ಕೂತೆ. ಹನ್ನೊಂದೂವರೆಯ ಹೊತ್ತಿಗೆ ಒಂದು ಆಟೋ ಅಂಗಡಿಯ ಮುಂದೆ ನಿಧಾನವಾಗಿ ಬಂತು. ಹಿಂದೆ ಎರಡು ಪೆಟ್ಟಿಗೆ, ನಡುವೆ ಇಬ್ಬರು ಹೆಂಗಸರು. ಗಿರಿಜಾ ಕೈ ಬೀಸಿ ಏನೋ ಹೇಳುತ್ತಿದ್ದಳು, ವತ್ಸು ಅವಳ ಕಡೆ ಪೂರ್ತಿ ತಿರುಗಿ ಕೂತು ಕೇಳುತ್ತಿದ್ದಳು. ನಾನು ಎದ್ದು ನಿಂತೆ. ಕೈಗೆ ಬೂದಿ ಮೆತ್ತಿತ್ತು. ಕೈ ಎತ್ತಬೇಕೆಂದುಕೊಳ್ಳುವಷ್ಟರಲ್ಲಿ ಆಟೋ ಮುಂದೆ ಹೋಗಿ ನಮ್ಮ ರಸ್ತೆಗೆ ತಿರುಗಿತು. ಇಬ್ಬರೂ ಈ ಕಡೆ ನೋಡಲಿಲ್ಲ.

ಮಧ್ಯಾಹ್ನದ ಊಟಕ್ಕೆ ನಾನು ಮನೆಗೆ ಹೋಗುವುದು ಒಂದು ಗಂಟೆಗೆ. ಆ ದಿನ ಅವರಿಬ್ಬರನ್ನೂ ಮಾತಾಡಲು ಬಿಟ್ಟು, ದೀಪಗಳನ್ನು ಮತ್ತೊಮ್ಮೆ ತೊಳೆದು, ಎರಡು ಗಂಟೆಗೆ ಹೋದೆ.